ವೈಟಾಂಗಿ ಒಡಂಬಡಿಕೆಯ ಪಾಠಭೇದ ಮತ್ತು ನದಿಯ ನ್ಯಾಯ

ಪ್ರಾಚೀನ ಹಸ್ತಪ್ರತಿಗಳನ್ನು ಸಂಪಾದಿಸಿದವರಿಗೆ ಪಾಠಭೇದದ ಕಷ್ಟ ಹೊಸತಲ್ಲ. ಲಿಪಿಕಾರನ ಒಂದು ಅಕ್ಷರದೋಷದಿಂದ ಪದ್ಯದ ಅರ್ಥವೇ ತಿರುಗಿಬಿಡುವುದುಂಟು. ಆದರೆ ಒಂದು ಜನಾಂಗದ ನೆಲ, ನೀರು, ನದಿಗಳ ಭವಿತವ್ಯವೇ ಪಾಠಭೇದವನ್ನು ಅವಲಂಬಿಸಿರುವ ನಿದರ್ಶನ ನ್ಯೂಜಿಲೆಂಡಿನ ವೈಟಾಂಗಿ ಒಡಂಬಡಿಕೆಯಲ್ಲಿದೆ.

ಬ್ರಿಟಿಷ್ ರಾಣಿಯ ಪ್ರತಿನಿಧಿ ವಿಲಿಯಂ ಹಾಬ್ಸನ್ ಹಾಗೂ ಮಾವೋರಿ ಮುಖಂಡರು ಇದಕ್ಕೆ ಸಹಿ ಹಾಕಿದ್ದು 1840ರ ಫೆಬ್ರವರಿ 6ರಂದು. ಇಂಗ್ಲಿಷ್ ಕರಡನ್ನು ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಆತನ ಮಗ ಒಂದೇ ರಾತ್ರಿಯಲ್ಲಿ ಮಾವೋರಿ ಭಾಷೆಗೆ ತಂದಿದ್ದರು. ಇಂಗ್ಲಿಷಿನ ಮೊದಲನೆಯ ವಿಧಿ ಸಾರ್ವಭೌಮಾಧಿಕಾರವನ್ನೇ ರಾಣಿಗೆ ಒಪ್ಪಿಸುತ್ತದೆ. ಮಾವೋರಿ ಪಾಠದಲ್ಲಿರುವುದು 'ಕಾವನತಂಗ'. 'ಗವರ್ನರ್' ಶಬ್ದದಿಂದ ಕಟ್ಟಿದ ಈ ಪದದ ಅರ್ಥ ಆಡಳಿತವೆಂದಷ್ಟೇ. ಎರಡನೆಯ ವಿಧಿಯ ಇಂಗ್ಲಿಷ್ ಪಾಠ ಭೂಮಿ, ಕಾಡು, ಮೀನುಗಾರಿಕೆಗಳ ಸ್ವಾಧೀನವನ್ನು ಉಳಿಸಿಕೊಟ್ಟರೆ, ಮಾವೋರಿ ಪಾಠ ಸಮಸ್ತ 'ತಾಓಂಗ'ಗಳ ಮೇಲೆ, ಅಂದರೆ ಅಮೂಲ್ಯವೆಂದು ಕಾಪಾಡಿಕೊಂಡು ಬಂದ ಎಲ್ಲದರ ಮೇಲೆ, ಮುಖಂಡರ ಪೂರ್ಣಾಧಿಕಾರವನ್ನು ಮಾನ್ಯಮಾಡುತ್ತದೆ. ಸಹಿ ಹಾಕಿದ 500ಕ್ಕೂ ಹೆಚ್ಚು ಮುಖಂಡರಲ್ಲಿ ಇಂಗ್ಲಿಷ್ ಪ್ರತಿಗೆ ಒಪ್ಪಿದವರು 40ಕ್ಕೂ ಕಡಿಮೆ.

ಅನುವಾದಕನ ಅವಸರವನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು, ಆಳಿದವರು ಒಂದು ಶತಮಾನಕ್ಕೂ ಮಿಗಿಲಾಗಿ ತಮಗೆ ಅನುಕೂಲವಾದ ಪಾಠವನ್ನೇ ಓದಿದ್ದು. 1877ರಲ್ಲಿ ನ್ಯಾಯಾಲಯವೊಂದು ಒಡಂಬಡಿಕೆಯನ್ನು ಶೂನ್ಯವೆಂದೇ ಸಾರಿತು.

1975ರ ಕಾಯಿದೆಯಿಂದ ರೂಪುಗೊಂಡ ವೈಟಾಂಗಿ ನ್ಯಾಯಮಂಡಲಿಯು ಎರಡೂ ಪಾಠಗಳನ್ನು ಎದುರುಬದುರು ಇಟ್ಟು ಓದತೊಡಗಿತು. ಮೋಟುನುಯಿಯಲ್ಲಿ ಕೃತಕ ಪೆಟ್ರೋಲ್ ಕಾರ್ಖಾನೆಯ ತ್ಯಾಜ್ಯವನ್ನು ಸಮುದ್ರಕ್ಕೆ ಬಿಡುವ ಯೋಜನೆಯ ವಿರುದ್ಧ ತೆ ಆತಿಯಾವಾ ಜನ ದೂರಿತ್ತಾಗ, 1983ರ ವರದಿಯಲ್ಲಿ ಮಂಡಲಿಯು ಚಿಪ್ಪುಜೀವಿಗಳಿರುವ ಆ ಬಂಡೆಸಾಲುಗಳೂ 'ತಾಓಂಗ'ವೇ ಎಂದಿತು. ಕೈಯಿಂದ ಕಸಿಯದೆ ಕೊಳೆಸಿದರೂ ವಚನಭಂಗವೇ ಎಂಬುದು ಇದರ ತಾತ್ಪರ್ಯ. ಅಹಿಂಸಾವ್ರತವನ್ನು ಪಾಲಿಸುವ ಓದುಗರಿಗೆ ಇಲ್ಲಿ ಇರಿಸುಮುರಿಸಾದೀತು. ಕಾಪಾಡಲು ಬೇಡಿದ್ದು ಮೀನು, ಚಿಪ್ಪುಜೀವಿಗಳನ್ನು ಹಿಡಿದು ತಿನ್ನುವ ಹಕ್ಕನ್ನಲ್ಲವೇ? ಹೌದು, ಆ ಭೇದವನ್ನು ಮರೆಮಾಚಬೇಕಾಗಿಲ್ಲ. ಆದರೆ ಹಿಡಿದು ತಿನ್ನುವವನಿಗೆ ಬಂಡೆ ಬದುಕಿರಬೇಕೆಂಬ ಎಚ್ಚರವಿರುತ್ತದೆ. ತ್ಯಾಜ್ಯದ ಕೊಳವೆಯಾದರೋ ಎಷ್ಟು ಜೀವಗಳನ್ನು ಕೊಂದಿತೆಂಬ ಲೆಕ್ಕವನ್ನೂ ಇಡುವುದಿಲ್ಲ.

ಈ ಓದು ಇಂದಿಗೂ ನಿರ್ವಿವಾದವಾಗಿಲ್ಲ. ಒಡಂಬಡಿಕೆಯ ತತ್ತ್ವಗಳ ಅರ್ಥವನ್ನು ಸಂಸತ್ತೇ ಗೊತ್ತುಪಡಿಸಬೇಕೆಂಬ ಮಸೂದೆಯೊಂದು 2024ರಲ್ಲಿ ಮಂಡಿತವಾಯಿತು. ಇಬ್ಬರು ಮಾಡಿಕೊಂಡ ಕರಾರಿಗೆ ಒಬ್ಬನೇ ಅರ್ಥ ಬರೆಯುವುದು ಯಾವ ನ್ಯಾಯ? 2025ರ ಏಪ್ರಿಲ್‌ನಲ್ಲಿ ಅದು 112-11 ಮತಗಳಿಂದ ಬಿದ್ದುಹೋಯಿತು.

ಈ ಪರಂಪರೆಯ ಬಹುಚರ್ಚಿತ ಫಲವೆಂದರೆ ವಾಂಗನುಯಿ ನದಿಯ ಕಾಯಿದೆ. 290 ಕಿಲೋಮೀಟರ್ ಉದ್ದದ ಈ ನದಿಯನ್ನು ಅಲ್ಲಿನ ಮಾವೋರಿಗಳು ಪೂರ್ವಜನೆಂದೇ ಭಾವಿಸುತ್ತಾರೆ. ಹಬೆದೋಣಿಗಳಿಗಾಗಿ ಅವರ ಮೀನುಗಟ್ಟೆಗಳನ್ನು ಕೀಳಲಾಯಿತು. 1903ರ ಕಾನೂನು ನದೀಪಾತ್ರವನ್ನೇ ಸರ್ಕಾರದ ಸ್ವತ್ತಾಗಿಸಿತು. ಅದಕ್ಕಾಗಿ 1938ರಲ್ಲಿ ಹೂಡಿದ ದಾವೆ 1962ರಲ್ಲಿ ಸೋಲಿನಲ್ಲಿ ಮುಗಿಯಿತು. ಕೊನೆಗೆ 2017ರ ಕಾಯಿದೆಯು ಬೆಟ್ಟದಿಂದ ಕಡಲಿನವರೆಗಿನ ನದಿಯನ್ನು 'ತೆ ಆವಾ ತುಪುವಾ' ಎಂಬ ಅಖಂಡ ಜೀವಂತ ಸತ್ತ್ವವೆಂದೂ ಕಾನೂನಿನ ವ್ಯಕ್ತಿಯೆಂದೂ ಅಂಗೀಕರಿಸಿತು.

ದೇವರ ಮೂರ್ತಿಯನ್ನು ಕಾನೂನಿನ ವ್ಯಕ್ತಿಯೆಂದು ಒಪ್ಪಿದ ನಮ್ಮ ನಾಡಿನಲ್ಲಿ, ವಿಶೇಷವಾಗಿ ದೇವಸ್ಥಾನಗಳ ಟ್ರಸ್ಟಿಗಳಿಗೆ, ಇದು ವಿಚಿತ್ರವೆನಿಸದು. ಆದರೂ ಎಲ್ಲ ಅನುಕರಣೆಯೂ ಸಮವಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಗಂಗೆ-ಯಮುನೆಯರನ್ನು ವ್ಯಕ್ತಿಗಳೆಂದು ಘೋಷಿಸಿ, ಅವರ ಪರವಾಗಿ ನಡೆಯಲು ಸರ್ಕಾರದ ಅಧಿಕಾರಿಗಳನ್ನು ನೇಮಿಸಿತು. ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ವಾಂಗನುಯಿಯ ಪರವಾಗಿ ಮಾತನಾಡುವವರು ಇಬ್ಬರು; ಒಬ್ಬರನ್ನು ಸರ್ಕಾರ, ಮತ್ತೊಬ್ಬರನ್ನು ನದೀತೀರದ ಮಾವೋರಿ ಸಮುದಾಯಗಳು ಹೆಸರಿಸುತ್ತವೆ. ಒಡಂಬಡಿಕೆ ಇಬ್ಬರದಾದ್ದರಿಂದ ರಕ್ಷಕರೂ ಇಬ್ಬರು. ಕಾಯಿದೆಯ ನಿಜವಾದ ಸತ್ತ್ವವಿರುವುದು ನದಿಗೆ ವ್ಯಕ್ತಿಯೆಂಬ ಬಿರುದು ಕೊಟ್ಟದ್ದರಲ್ಲಲ್ಲ, ಈ ಏರ್ಪಾಡಿನಲ್ಲಿ.

ಹೊಗಳುವವರು ಸಾಮಾನ್ಯವಾಗಿ ದಾಟಿಹೋಗುವ ಮಾತೊಂದಿದೆ. ಸರ್ಕಾರದ ವಶದಲ್ಲಿದ್ದ ನದೀಪಾತ್ರವನ್ನು ನದಿಗೇ ಒಪ್ಪಿಸಿದ ಕಾಯಿದೆಯು, ಅದರಲ್ಲಿ ಹರಿಯುವ ನೀರಿನ ಮೇಲೆ ಯಾರಿಗೂ ಸ್ವಾಮ್ಯವನ್ನು ಕೊಟ್ಟಿಲ್ಲ. ಹಿಂದಿನಿಂದ ಬಂದ ಖಾಸಗಿ ಹಕ್ಕು, ಪರವಾನಗಿಗಳನ್ನೂ ಮುಟ್ಟಿಲ್ಲ. ಪರಿಹಾರವಾಗಿ 8 ಕೋಟಿ ನ್ಯೂಜಿಲೆಂಡ್ ಡಾಲರ್, ನದಿಯ ಆರೋಗ್ಯನಿಧಿಗೆ 3 ಕೋಟಿ ಡಾಲರ್ ಸಂದವು. ನದಿಯ ಮೂಲದ ತೊರೆಗಳಿಂದ ಮಾತ್ರ ಇಂದಿಗೂ ಟಾಂಗರಿರೊ ವಿದ್ಯುತ್ ಯೋಜನೆಯ ಕಾಲುವೆ, ಸುರಂಗಗಳಿಗೆ ನೀರು ತಿರುಗುತ್ತಲೇ ಇದೆ.