‘ಮಾಂಸದಿಂದ’: ಯೋಬನ ಒಂದು ವಾಕ್ಯವೂ ಎರಡು ಭಾಷೆಗಳ ವಿಭಕ್ತಿಯೂ

ಸತ್ತವರ ಪುನರುತ್ಥಾನವನ್ನು ಕುರಿತ ಬೈಬಲ್ ವಾಕ್ಯಗಳಲ್ಲಿ ಯೋಬನ ಗ್ರಂಥದ 19ನೆಯ ಅಧ್ಯಾಯದ 26ನೆಯ ವಾಕ್ಯದಷ್ಟು ವ್ಯಾಖ್ಯಾನಕಾರರನ್ನು ಕಾಡಿದವು ವಿರಳ. ವಿವಾದದ ಬೀಜವಿರುವುದು ಹೀಬ್ರೂವಿನ ಒಂದು ಸಣ್ಣ ಉಪಸರ್ಗದಲ್ಲಿ. ‘ಮಿನ್’ ಎಂಬ ಅದು ಮಾಂಸವಾಚಿಯಾದ ‘ಬಸಾರ್’ ಶಬ್ದಕ್ಕೆ ಹತ್ತಿದಾಗ ‘ಮಾಂಸದೊಳಗಿನಿಂದ’ ಎಂದೂ ಆಗಬಲ್ಲದು, ‘ಮಾಂಸವನ್ನು ಬಿಟ್ಟು’ ಎಂದೂ ಆಗಬಲ್ಲದು. ಮೊದಲನೆಯದನ್ನು ಹಿಡಿದವರಿಗೆ ಯೋಬನು ಶರೀರಸಹಿತ ಪುನರುತ್ಥಾನದ ಪ್ರಾಚೀನ ಸಾಕ್ಷಿ. ಎರಡನೆಯದನ್ನು ಹಿಡಿದವರಿಗೆ ಆ ಸಾಕ್ಷ್ಯವೇ ಇಲ್ಲ. ಜೆರೋಮನ ಲ್ಯಾಟಿನ್ ಅನುವಾದವೂ 1611ರ ಇಂಗ್ಲಿಷ್ ಅನುವಾದವೂ ಮೊದಲ ಪಕ್ಷಕ್ಕೆ ಸೇರಿದವು. 1885ರ ಪರಿಷ್ಕರಣ ‘ಇಂದ’ ಎಂಬರ್ಥದ ಪದವನ್ನಿಟ್ಟು ಜಾಣತನದಿಂದ ಜಾರಿಕೊಂಡಿತು. 1901ರ ಅಮೆರಿಕದ ಪರಿಷ್ಕರಣ ‘ಮಾಂಸವಿಲ್ಲದೆ’ ಎಂದು ತೀರ್ಮಾನಿಸಿಯೇ ಬಿಟ್ಟಿತು.

ವಯನಾಡಿನ ಪುಲ್ಪಳ್ಳಿ ಈ ವಾಕ್ಯವನ್ನು ಎರಡು ಭಾಷೆಗಳಲ್ಲಿ ಪಕ್ಕಪಕ್ಕಕ್ಕೆ ಇಟ್ಟು ಓದಲು ತಕ್ಕ ನೆಲ. ಕಬಿನಿಯ ಆಚೆ ದಡದಲ್ಲಿ ಕರ್ನಾಟಕದ ಬೈರಕುಪ್ಪೆ; ಈಚೆ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನಿಂದ ವಲಸೆ ಬಂದ ಸುರಿಯಾನಿ ಕ್ರೈಸ್ತರ ಚರ್ಚುಗಳು; ಸುತ್ತಲಿನ ಕಾಡಂಚಿನಲ್ಲಿ ಕನ್ನಡಕ್ಕೆ ತೀರ ಹತ್ತಿರವಾದ ನುಡಿಯನ್ನಾಡುವ ಕಾಟ್ಟುನಾಯಕರು. ಊರಿನ ಸೀತಾದೇವಿ ದೇವಾಲಯದ ಐತಿಹ್ಯದಲ್ಲಿ ಭೂಮಿ ಬಾಯ್ದೆರೆದು ಸೀತೆಯ ದೇಹವನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯದಲ್ಲಿಯೋ, ಬಂಡೆಗಳು ಸೀಳಿ ಸಮಾಧಿಗಳು ಸತ್ತವರನ್ನು ಹೊರಕ್ಕೆ ಬಿಡುತ್ತವೆ. ಈ ಎರಡನ್ನೂ ಒಂದೇ ಪೇಟೆಯಲ್ಲಿ ಕೇಳಿ ಬೆಳೆಯುವವರಿಗೆ ದೇಹ ಏನಾಗುತ್ತದೆ ಎಂಬ ಪ್ರಶ್ನೆ ಕೇವಲ ಪಂಡಿತರ ಪ್ರಶ್ನೆಯಾಗಿ ಉಳಿಯದು.

ಮಲಯಾಳದ ಪ್ರಚಲಿತ ಸತ್ಯವೇದಪುಸ್ತಕ ಯೋಬನ ಬಾಯಲ್ಲಿ ‘ದೇಹರಹಿತನಾಯಿ’ ಎಂಬ ಪದವನ್ನು ಇಟ್ಟಿದೆ. ಅದರ ದಾರಿಯಲ್ಲೇ ಸಾಗುವ ಕನ್ನಡದ ‘ನಿರ್ದೇಹನಾಗಿ’ಯೂ ನಿಸ್ಸಂದಿಗ್ಧ. ಮಲಯಾಳದ ಅನುವಾದಕನಿಗೆ ಇಲ್ಲೊಂದು ಸಮರ್ಥನೆ ಉಂಟು. ಆ ಭಾಷೆಯಲ್ಲಿ ಕರಣಾರ್ಥಕ್ಕೆ ‘ದೇಹತ್ತಾಲ್’, ಅಪಾದಾನಕ್ಕೆ ‘ದೇಹತ್ತಿಲ್‌ನಿನ್ನ್’ ಎಂದು ರೂಪಗಳು ಬೇರೆಬೇರೆ; ಆಯ್ಕೆ ಅನಿವಾರ್ಯ. ಕನ್ನಡಕ್ಕೆ ಆ ಇಕ್ಕಟ್ಟು ಇರಲಿಲ್ಲ. ‘ಕಣ್ಣಿಂದ ನೋಡು’, ‘ಬೆಟ್ಟದಿಂದ ನೋಡು’, ‘ಊರಿಂದ ಹೋದ’ – ಸಾಧನ, ನೆಲೆ, ಅಗಲಿಕೆ ಮೂರನ್ನೂ ಒಂದೇ ‘ಇಂದ’ ಹೊರುತ್ತದೆ. ಶಾಲಾ ವ್ಯಾಕರಣ ಪಂಚಮಿಗೆ ‘ದೆಸೆಯಿಂದ’ ಎಂಬುದನ್ನು ಹೇಳಿಕೊಟ್ಟರೂ ಆಡುವ ಕನ್ನಡ ಅದನ್ನು ಕೇಳಿಲ್ಲ. ಪಂಚಮಿಯೆಂಬುದು ಸಂಸ್ಕೃತದ ಅಚ್ಚಿನಿಂದ ಬಂದ ಹೇರಿಕೆ ಎಂಬ ಡಿ. ಎನ್. ಶಂಕರ ಭಟ್ಟರ ವಾದ ಪರಿಚಿತವೇ. ‘ಮಾಂಸದಿಂದ ನೋಡುವೆನು’ ಎಂದಿದ್ದರೆ ಹೀಬ್ರೂವಿನ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತಿತ್ತು. ಪೂರ್ತಿಯಾಗಿ ಅಲ್ಲ: ‘ನೋಡು’ ಎಂಬ ಕ್ರಿಯೆಯ ಪಕ್ಕದಲ್ಲಿ ಕನ್ನಡದ ಕಿವಿ ಅಗಲಿಕೆಗಿಂತ ಸಾಧನವನ್ನೇ ಮೊದಲು ಕೇಳುತ್ತದೆ. ಆದರೂ ಮುಚ್ಚಿದ ಬಾಗಿಲಿಗಿಂತ ಓರೆಯಾಗಿ ತೆರೆದ ಬಾಗಿಲು ಮೂಲಕ್ಕೆ ಹೆಚ್ಚು ನಿಷ್ಠ. ತನ್ನ ಭಾಷೆ ಪುಕ್ಕಟೆಯಾಗಿ ಕೊಟ್ಟದ್ದನ್ನು ಕನ್ನಡದ ಅನುವಾದ ಒಂದು ಸಂಸ್ಕೃತ ಸಮಾಸಕ್ಕೆ ಒಪ್ಪಿಸಿಬಿಟ್ಟಿತು.

‘ಪುನರುತ್ಥಾನ’ ಎಂಬ ಪದದ ಸ್ಥಿತಿಯೂ ಇದೇ. ಗ್ರೀಕಿನ ‘ಅನಾಸ್ತಾಸಿಸ್’ ಮುಖ್ಯವಾಗಿ ‘ಎದ್ದು ನಿಲ್ಲುವುದು’. ಕನ್ನಡದ ‘ಪುನರ್’ ಕೇಳುಗನನ್ನು ಪುನರ್ಜನ್ಮದ ಕಡೆಗೆ ಒಂದು ಹೆಜ್ಜೆ ಸರಿಸುತ್ತದೆ. ಪುಲ್ಪಳ್ಳಿಯ ಚರ್ಚುಗಳಲ್ಲಿ ಕೇಳಿಬರುವ ಮಲಯಾಳದ ‘ಉಯಿರ್ಪ್ಪ್’ ಬೇರೆ ಮಣ್ಣಿನದು. ಸುರಿಯಾನಿಯ ‘ನುಹಾಮಾ’ದಂತೆ ಅದು ಏಳುವಿಕೆಗಿಂತ ಜೀವ ಮರಳುವುದನ್ನು ಮುಂದಿಡುತ್ತದೆ. ಆ ‘ಉಯಿರ್’ ಕನ್ನಡದ ‘ಉಸಿರ್’ನ ಸೋದರ ಶಬ್ದ ಎಂಬುದು ದ್ವಿಭಾಷಿಕರಿಗೆ ಗೊತ್ತಿರುವ ಸಂಗತಿ, ಯೆಹೆಜ್ಕೇಲನ 37ನೆಯ ಅಧ್ಯಾಯದಲ್ಲಿ ಒಣಗಿದ ಎಲುಬುಗಳೊಳಗೆ ಹೊಗುವುದೂ ಉಸಿರೇ. ಕ್ರೈಸ್ತ ಕನ್ನಡ ಈ ಮನೆಯ ಪದದ ಸುತ್ತ ಒಂದು ಪರಿಭಾಷೆಯನ್ನು ಕಟ್ಟಿಕೊಳ್ಳಲಿಲ್ಲ.

ವಿಭಕ್ತಿಯಷ್ಟರಿಂದಲೇ ಯೋಬನ ವಾಕ್ಯ ಇತ್ಯರ್ಥವಾಗದು, ನಿಜ. 27ನೆಯ ವಾಕ್ಯದಲ್ಲಿ ಅವನು ತನ್ನ ಕಣ್ಣುಗಳೇ ನೋಡುವವೆಂದು ಹೇಳುತ್ತಾನೆ. ದೇಹವಿಲ್ಲದವನಿಗೆ ಕಣ್ಣೆಲ್ಲಿಂದ ಬರಬೇಕು? ಇತ್ತ 14ನೆಯ ಅಧ್ಯಾಯದಲ್ಲಿ ಅವನೇ, ಕಡಿದ ಮರಕ್ಕೆ ಚಿಗುರುವ ಆಸೆಯಿದ್ದರೂ ಮಲಗಿದ ಮನುಷ್ಯನು ಏಳನು ಎಂಬರ್ಥದ ಮಾತಾಡಿರುತ್ತಾನೆ. ಹೀಗಾಗಿ ಮೂರನೆಯ ಓದಿಗೆ ಬಲ ಹೆಚ್ಚು: ಯೋಬನು ನಿರೀಕ್ಷಿಸುವುದು ಸಾವಿನಾಚೆಯ ದರ್ಶನವನ್ನಲ್ಲ, ಚರ್ಮ ಸುಲಿದು ಎಲುಬಿಗೆ ಹತ್ತಿದ ಈ ದೇಹದಲ್ಲೇ, ಸಾಯುವ ಮೊದಲೇ, ಸಿಗಬೇಕಾದ ನ್ಯಾಯವನ್ನು. 42ನೆಯ ಅಧ್ಯಾಯದ 5ನೆಯ ವಾಕ್ಯದಲ್ಲಿ ಅವನು ಬದುಕಿದ್ದಾಗಲೇ ದೇವರನ್ನು ಕಣ್ಣಾರೆ ಕಂಡೆನೆನ್ನುತ್ತಾನೆ. ‘ದೇಹರಹಿತ’, ‘ನಿರ್ದೇಹ’ ಎಂಬೆರಡು ಪದಗಳೂ ಈ ಓದಿಗೆ ಎಡೆಗೊಡುವುದಿಲ್ಲ. ಆದರೆ ಅವಸರ ಇಂದಿನವರದು ಮಾತ್ರವಲ್ಲ. ಪ್ರಾಚೀನ ಗ್ರೀಕ್ ಅನುವಾದ 19ನೆಯ ಅಧ್ಯಾಯದಲ್ಲಿ ಯೋಬನ ಚರ್ಮವನ್ನೇ ಎಬ್ಬಿಸುವ ಮಾತು ತಂದಿದೆ. ಸಾಲದೆಂಬಂತೆ, ಹೀಬ್ರೂವಿನಲ್ಲಿ ಅವನು ಮುದುಕನಾಗಿ ಸತ್ತನೆಂದು ಗ್ರಂಥ ಮುಗಿಯುವಲ್ಲಿ, ಕರ್ತನು ಎಬ್ಬಿಸುವವರೊಂದಿಗೆ ಅವನೂ ಏಳುವನೆಂದು ಬರೆದಿದೆ ಎಂಬ ಒಂದು ಮಾತನ್ನು ತಾನಾಗಿ ಸೇರಿಸಿದೆ.