ಕಾಗದ ಸರಿಯಿದೆ, ಕಟ್ಟಡ?

ಬೆಂಗಳೂರಿನಲ್ಲಿ ಫ್ಲ್ಯಾಟು ಕೊಳ್ಳಲು ಹೊರಟವರಿಗೆ ಎಲ್ಲರೂ ಹೇಳುವ ಮಾತು ಒಂದೇ: ‘ಮೊದಲು ಪೇಪರ್ಸ್ ಕ್ಲಿಯರ್ ಇದೆಯಾ ನೋಡಿಸಿ.’ ನೋಡಿಸುವ ಕ್ರಮವೂ ಬಹುಮಟ್ಟಿಗೆ ಗೊತ್ತಾಗಿ ಹೋಗಿದೆ. ಮದರ್ ಡೀಡ್‌ನಿಂದ ಹಿಡಿದು ಈಗಿನ ಮಾಲೀಕರವರೆಗಿನ ಕ್ರಯಪತ್ರಗಳು, ಮೂವತ್ತು ವರ್ಷದ ಇ.ಸಿ., ಖಾತೆ, ಕಂದಾಯ ಕಟ್ಟಿದ ರಸೀದಿ ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ ವಕೀಲರಿಗೆ ಕೊಡುತ್ತೇವೆ. ಅವರು ನಾಲ್ಕೈದು ಪುಟದ ಲೀಗಲ್ ಒಪಿನಿಯನ್ ಬರೆದುಕೊಡುತ್ತಾರೆ. ಬ್ಯಾಂಕು ಸಾಲ ಮಂಜೂರು ಮಾಡುತ್ತದೆ. ಅಲ್ಲಿಗೆ ಮನೆಮಂದಿಗೆಲ್ಲ ನೆಮ್ಮದಿ. ‘ಬ್ಯಾಂಕಿನವರೇ ಕೊಟ್ಟಿದ್ದಾರೆ ಅಂದಮೇಲೆ ಇನ್ನೇನು?’

ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಷ್ಟೋ ಸಂಸಾರಗಳ ದುಡ್ಡು ಇದರಿಂದ ಉಳಿದಿದೆ. ಆದರೆ ಇದು ರೂಢಿಗೆ ಬಂದದ್ದು ಜನ ಸೈಟು ಕೊಂಡು, ಮೇಸ್ತ್ರಿ ಹಿಡಿದು, ಕಣ್ಣೆದುರೇ ಮನೆ ಕಟ್ಟಿಸಿಕೊಳ್ಳುತ್ತಿದ್ದ ಕಾಲದಲ್ಲಿ. ಆಗ ಕೊಳ್ಳುತ್ತಿದ್ದದ್ದು ಬರೀ ನೆಲ. ನೆಲದ ಜಾತಕ ನೋಡಿದರೆ ಸಾಕಿತ್ತು. ಇವತ್ತು ಕೊಳ್ಳುವುದು ಇನ್ನೊಬ್ಬರು ಕಟ್ಟಿದ ಕಟ್ಟಡದ ಒಂದು ಮೂಲೆ, ಜೊತೆಗೆ ನೆಲದಲ್ಲೊಂದು ಅವಿಭಾಜ್ಯ ಪಾಲು. ಪರಿಶೀಲನೆ ಮಾತ್ರ ಈಗಲೂ ನೆಲದ ಹತ್ತಿರವೇ ನಿಂತಿದೆ. ಕಟ್ಟಡ ಕಾನೂನಿನ ಪ್ರಕಾರ ಎದ್ದಿದೆಯೇ ಎಂದು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ನೆಲದ ವಿಚಾರಣೆಯಲ್ಲಿ ಈ ಪದ್ಧತಿಯ ಕಸುಬುದಾರಿಕೆ ದೊಡ್ಡದು. ಪಳಗಿದ ವಕೀಲರು ಮೊದಲು ತಿರುವುವುದು ಕ್ರಯಪತ್ರದ ಕೊನೆಯ ಪುಟವನ್ನು, ಷೆಡ್ಯೂಲಿನ ಚಕ್ಕುಬಂದಿಯನ್ನು. ಒಂದು ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಅದರ ಹಿಂದಿನ ಪತ್ರದಲ್ಲಿ ಪೂರ್ವಕ್ಕೆ ‘ಸರ್ಕಾರಿ ಹಳ್ಳ’ ಎಂದಿದ್ದರೆ ಅವರ ಬೆರಳು ಅಲ್ಲೇ ನಿಲ್ಲುತ್ತದೆ. ಹಳ್ಳ ರಸ್ತೆಯಾದದ್ದು ಯಾವಾಗ? ಯಾರ ಅಪ್ಪಣೆಯಿಂದ? 2022ರ ಮಳೆಗಾಲದಲ್ಲಿ ಮಹದೇವಪುರದ ಕಡೆ ನೀರು ನುಗ್ಗಿ, ಆಮೇಲೆ ರಾಜಕಾಲುವೆ ಒತ್ತುವರಿ ಎಂದು ಜೆ.ಸಿ.ಬಿ. ಬಂದಾಗ ಕೇಳಿದ ಪ್ರಶ್ನೆಯೂ ಇದೇ. ಇಂದು ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಕಾಲ ಕೆಳಗಿನ ಸರ್ವೆ ನಂಬರ್ ಗೊತ್ತಾಗುತ್ತದೆ. ಅದನ್ನು ಹಳೆಯ ಗ್ರಾಮ ನಕ್ಷೆಗೆ ಹೊಂದಿಸಿ ನೋಡಲು ಅರ್ಧ ದಿನ ಸಾಕು. ವಿಭಾಗಪತ್ರದಲ್ಲಿ ಹೆಣ್ಣುಮಕ್ಕಳ ರುಜು ಇದೆಯೇ ಎಂದು ವಂಶವೃಕ್ಷ ಹಿಡಿದು ಕೇಳುವುದೂ ಈ ಪದ್ಧತಿಯ ಒಳ್ಳೆಯ ಗುಣ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಅದನ್ನು ಕೇಳದ ವಕೀಲರ ಅಭಿಪ್ರಾಯವನ್ನು ನಾನು ನಂಬುವುದಿಲ್ಲ.

ಇಷ್ಟಾದರೂ ನೆಲದ ಮಟ್ಟಿಗೇ ಇದರಲ್ಲಿ ತೂತುಗಳಿವೆ. ಇ.ಸಿ.ಯನ್ನು ಜನ ಸರ್ಟಿಫಿಕೇಟೆಂದೇ ತಿಳಿದಿದ್ದಾರೆ. ಅದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳ ಪಟ್ಟಿಯಷ್ಟೆ. ವ್ಯವಹಾರ ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಬಾಯಿಮಾತಿನ ಭೋಗ್ಯ ಯಾವುದೂ ಅದರಲ್ಲಿ ಕಾಣುವುದಿಲ್ಲ. ಮೂವತ್ತು ವರ್ಷ ನೋಡಿದರೆ ಸಾಕು ಎಂಬ ಸೂತ್ರವೂ ಎಲ್ಲ ಕಡೆ ಸಲ್ಲುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯಿದೆ. ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿಯ ಅಡ್ಡಿ ಇರಬಾರದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ನ್ಯಾಯವಾದ ಕಾನೂನು ಅದು. ಭೂಮಿ ಕಳೆದುಕೊಂಡವರ ಪರ ನಿಂತದ್ದು. ಆದ್ದರಿಂದ ಬೆಂಗಳೂರಿನ ಸುತ್ತಮುತ್ತ ಕೃಷಿ ಜಮೀನು ಬಡಾವಣೆಯಾದ ಕಡೆಯಲ್ಲೆಲ್ಲ ಮೂಲ ಮಂಜೂರಾತಿಯವರೆಗೆ ಹೋಗಿ, ಪಿ.ಟಿ.ಸಿ.ಎಲ್.ಗೆ ಒಳಪಡುವುದಿಲ್ಲ ಎಂಬ ಹಿಂಬರಹವನ್ನು ಕಂದಾಯ ಇಲಾಖೆಯಿಂದಲೇ ಪಡೆಯಬೇಕು.

ಖಾತೆಯ ವಿಷಯ ಬೇಗ ಹೇಳಿ ಮುಗಿಸಬಹುದು. ಅದು ಕಂದಾಯ ಯಾರ ಹೆಸರಿನಲ್ಲಿ ಕಟ್ಟಬೇಕೆಂದು ಹೇಳುವ ದಾಖಲೆ, ಮಾಲೀಕತ್ವ ಕೊಡುವುದಿಲ್ಲ. ಎ ಖಾತೆಯಾದರೂ ಅಷ್ಟೇ, ಇ-ಖಾತೆಯಾದರೂ ಅಷ್ಟೇ.

ಈಗ ಕಟ್ಟಡಕ್ಕೆ ಬರೋಣ. ಗೆಳೆಯರು, ಬಂಧುಗಳು ತಂದು ತೋರಿಸುವ ಲೀಗಲ್ ಒಪಿನಿಯನ್‌ಗಳಲ್ಲಿ ಒಂದು ಸಮಾನ ಗುಣ ಕಂಡಿದ್ದೇನೆ. ಮೊದಲ ಪುಟಗಳಲ್ಲಿ ನೆಲದ ಚರಿತ್ರೆ 1950ರ ದಶಕದಿಂದ ವಿವರವಾಗಿ ಇರುತ್ತದೆ. ಕೊನೆಯ ಪುಟದಲ್ಲಿ ‘ಈ ಕೆಳಕಂಡ ದಾಖಲೆಗಳನ್ನು ಪಡೆದುಕೊಳ್ಳತಕ್ಕದ್ದು’ ಎಂಬ ಸಾಲಿನಡಿ, ತೆರಿಗೆ ರಸೀದಿಯ ಜೊತೆಗೆ ಎನ್ನುವಂತೆ, ಓ.ಸಿ.ಯ ಹೆಸರು ಇರುತ್ತದೆ. ಕಟ್ಟಡ ಮಂಜೂರಾದ ನಕ್ಷೆಯಂತೆ ಎದ್ದಿದೆ, ಜನ ವಾಸಕ್ಕೆ ಹೋಗಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ ಅದು. ಇಡೀ ಫೈಲಿನಲ್ಲಿ ಕಟ್ಟಡದ ಪರವಾಗಿ ಮಾತಾಡುವ ಪ್ರಮುಖ ಕಾಗದ ಅದೊಂದೇ. ವಕೀಲರ ತಪ್ಪೆಂದು ಹೇಳಲಾರೆ. ಅವರನ್ನು ಕೇಳಿದ್ದು ಹಕ್ಕಿನ ಬಗ್ಗೆ, ಅವರು ಉತ್ತರಿಸಿದ್ದೂ ಅದಕ್ಕೇ. ಆದರೆ ಆ ಕೊನೆಯ ಸಾಲನ್ನು ಓದದೆ ‘ಒಪಿನಿಯನ್ ಪಾಸಿಟಿವ್ ಬಂದಿದೆ’ ಎಂದು ಅಡ್ವಾನ್ಸ್ ಕೊಟ್ಟುಬಿಡುವುದು ನಮ್ಮ ಪದ್ಧತಿಯ ದೊಡ್ಡ ದೋಷ.

ಓ.ಸಿ. ಇಲ್ಲದಿದ್ದರೆ ಆಗುವುದೇನು? ಮುಂಬೈಯ ಸಮೃದ್ಧಿ ಸಹಕಾರಿ ಹೌಸಿಂಗ್ ಸೊಸೈಟಿಯವರನ್ನು ಕೇಳಬೇಕು. 1997ರಲ್ಲಿ ಮನೆಗೆ ಹೋದವರು, ಬಿಲ್ಡರ್ ಓ.ಸಿ. ತರಲಿಲ್ಲ. ಅದಿಲ್ಲದ ಕಾರಣಕ್ಕೆ ವರ್ಷಗಟ್ಟಲೆ ಶೇ 25ರಷ್ಟು ಹೆಚ್ಚು ಆಸ್ತಿ ತೆರಿಗೆ, ಶೇ 50ರಷ್ಟು ಹೆಚ್ಚು ನೀರಿನ ಶುಲ್ಕ ಕಟ್ಟಿದರು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸೇವಾ ನ್ಯೂನತೆ ಎಂದಿತು. ಕಾಲು ಶತಮಾನ ಕಳೆದಿತ್ತು. 2024ರ ಡಿಸೆಂಬರ್ 17ರಂದು ಬೇರೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಓ.ಸಿ. ಅಥವಾ ಪೂರ್ಣತಾ ಪತ್ರ ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ. ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿತು. ಆಮೇಲೆ ನಮ್ಮ ರಾಜ್ಯದಲ್ಲಿ ಕಟ್ಟಿ ಮುಗಿದ ಮನೆಗಳು ಮೀಟರ್ ಇಲ್ಲದೆ ನಿಂತದ್ದನ್ನೂ, 2025ರಲ್ಲಿ ಸರ್ಕಾರ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟದ್ದನ್ನೂ ನೋಡಿದ್ದೇವೆ. ವಿನಾಯಿತಿ ಅಪಾರ್ಟ್‌ಮೆಂಟಿಗೆ ಅಲ್ಲ ಎಂಬುದನ್ನು ಬ್ರೋಕರ್‌ಗಳು ಹೇಳುವುದಿಲ್ಲ.

‘ಓ.ಸಿ.ಗೆ ಹಾಕಿದ್ದೀವಿ ಸಾರ್, ಇನ್ನೇನು ಬರತ್ತೆ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ‘ಅಕ್ರಮ-ಸಕ್ರಮದಲ್ಲಿ ಆಗಿಬಿಡತ್ತೆ’ ಎನ್ನುವವರೂ ಇದ್ದಾರೆ. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ. ಮಾತು ಬಿಟ್ಟು ಮಂಜೂರಾದ ನಕ್ಷೆ ಕೇಳಿ. ಅದನ್ನು ಹಿಡಿದು ರಸ್ತೆಯ ಆಚೆ ಬದಿಗೆ ಹೋಗಿ ಮಹಡಿ ಎಣಿಸಿ. ನಕ್ಷೆಯಲ್ಲಿ ಸ್ಟಿಲ್ಟ್ ಮತ್ತು ನಾಲ್ಕು, ಎದುರಿಗೆ ಸ್ಟಿಲ್ಟ್ ಮತ್ತು ಐದು ಕಂಡರೆ ಅಲ್ಲಿಗೆ ವಿಷಯ ಮುಗಿಯಿತು. ಪಕ್ಕದ ಸೆಟ್‌ಬ್ಯಾಕ್ ಮೂರು ಮೀಟರ್ ಎಂದಿದ್ದ ಕಡೆ ಸ್ಕೂಟರ್ ದಾಟಿಸಲು ಒದ್ದಾಡಬೇಕಾದರೂ ಉತ್ತರ ಸಿಕ್ಕಂತೆಯೇ. ಇಂಜಿನಿಯರ್ ಬೇಕಿಲ್ಲ, ಟೇಪು ಸಾಕು.

ಅದೇ ಟೇಪನ್ನು ಒಳಗೂ ಹಾಕಿ. 1,200 ಚದರಡಿ ಸೂಪರ್ ಬಿಲ್ಟಪ್ ಎಂದ ಮನೆಯಲ್ಲಿ ಕಾರ್ಪೆಟ್ ವಿಸ್ತೀರ್ಣ 830 ಇರುವುದು ಅಪರೂಪವಲ್ಲ. ಚದರಡಿಗೆ 8,000 ರೂಪಾಯಿಯಂತೆ 96 ಲಕ್ಷ ಕೊಟ್ಟರೆ, ಕಾಲಿಡುವ ಜಾಗಕ್ಕೆ ಬಿದ್ದ ದರ 11,500 ದಾಟಿತು. 2016ರ ರೇರಾ ಕಾಯಿದೆ ಕಾರ್ಪೆಟ್ ವಿಸ್ತೀರ್ಣವನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದೆ: ಹೊರಗೋಡೆ, ಡಕ್ಟು, ಬಾಲ್ಕನಿ, ತೆರೆದ ಟೆರೇಸು ಬಿಟ್ಟು, ಒಳಗಿನ ಅಡ್ಡಗೋಡೆ ಸೇರಿಸಿ. ಎರಡು ಪ್ರಾಜೆಕ್ಟುಗಳನ್ನು ಹೋಲಿಸುವಾಗ ಈ ಅಂಕಿ ಬಿಟ್ಟು ಬೇರೆ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬಾರದು.

ರೇರಾ ನಮ್ಮ ಹಳೆಯ ಪದ್ಧತಿಯ ಇನ್ನೊಂದು ತಪ್ಪನ್ನೂ ತಿದ್ದಲು ನೋಡಿತು. ನಮ್ಮಲ್ಲಿ ಮೊದಲು ಅಡ್ವಾನ್ಸ್, ಆಮೇಲೆ ಪರಿಶೀಲನೆ. ದುಡ್ಡು ಕೊಟ್ಟಾದ ಮೇಲೆ ಕಾಗದದಲ್ಲಿ ಕೊರತೆ ಕಂಡರೂ ಮನಸ್ಸು ಅದಕ್ಕೆ ಸಮಾಧಾನ ಹುಡುಕುತ್ತದೆ. ಕರಾರುಪತ್ರ ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ಕಾಯಿದೆ ಕಟ್ಟುಮಾಡಿದೆ. ಹಸ್ತಾಂತರವಾದ ಐದು ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಇವು ದೊಡ್ಡ ಗಳಿಕೆಗಳು. ಆದರೆ ಕರ್ನಾಟಕದಲ್ಲಿ ರೇರಾದ ಆದೇಶ ಗೆದ್ದವರಿಗೆ ಹಣ ಕೈಗೆ ಬರುವುದು ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಾದಾಗ. ಅಲ್ಲಿ ವರ್ಷಗಟ್ಟಲೆ ಕಾದವರಿದ್ದಾರೆ. ಆದೇಶ ಕೊಟ್ಟು ವಸೂಲಿ ಮಾಡಲಾಗದ ಪ್ರಾಧಿಕಾರದ ಮೇಲೆ ಕೊಳ್ಳುವವರು ಪೂರ್ತಿ ಭಾರ ಹಾಕುವುದು ತರವಲ್ಲ. ಇನ್ನೊಂದು ಕೊರತೆ ನಮ್ಮ ಊರಿಗೆ ನೇರವಾಗಿ ತಾಗುತ್ತದೆ. 500 ಚದರ ಮೀಟರ್ ಮೀರದ ಜಾಗದ ಪ್ರಾಜೆಕ್ಟುಗಳಿಗೆ ರೇರಾ ನೋಂದಣಿ ಬೇಕಿಲ್ಲ. ಎರಡು ನಲವತ್ತು-ಅರವತ್ತು ಸೈಟು ಸೇರಿಸಿದರೂ ಸುಮಾರು 446 ಚದರ ಮೀಟರ್. ಮಧ್ಯಮ ವರ್ಗದವರು ಮೊದಲ ಮನೆ ಎಂದು ಕೊಳ್ಳುವ, ಒಳರಸ್ತೆಗಳ ಸಣ್ಣ ಅಪಾರ್ಟ್‌ಮೆಂಟುಗಳು ಹೀಗೆ ಕಾನೂನಿನ ಕಣ್ಣಿನಿಂದ ಹೊರಗುಳಿದಿವೆ. ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಬೇಕಿದ್ದದ್ದು ಅವರಿಗೇ.

ಬ್ಯಾಂಕಿನ ಮಾತಿಗೂ ಇಷ್ಟು ಸೇರಿಸಬೇಕು. ಬ್ಯಾಂಕು ನೋಡುವುದು ತನ್ನ ಸಾಲಕ್ಕೆ ಭದ್ರತೆ ಸಾಕೇ ಎಂದು. ಕೊಳ್ಳುವವರ ಸ್ವಂತ ದುಡ್ಡು ಅದರಲ್ಲಿ ಎಷ್ಟಿದೆ, ಕಂತು ತಪ್ಪಿದರೆ ಸಂಬಳದಿಂದ ವಸೂಲಾದೀತೇ ಎಂಬ ಲೆಕ್ಕವೂ ಅದಕ್ಕಿದೆ. ಕೊಳ್ಳುವವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಬ್ಯಾಂಕಿನ ಪಟ್ಟಿಯ ವಕೀಲರೊಬ್ಬರ ಜೊತೆಗೆ, ಬಿಲ್ಡರ್‌ಗೂ ಬ್ರೋಕರ್‌ಗೂ ಸಂಬಂಧವಿಲ್ಲದ ಇನ್ನೊಬ್ಬರಿಗೆ ಫೀಸು ಕೊಟ್ಟು, ‘ನೆಲ ಮತ್ತು ಕಟ್ಟಡ ಎರಡರ ಬಗ್ಗೆಯೂ ಬರೆದುಕೊಡಿ’ ಎಂದು ಸ್ಪಷ್ಟವಾಗಿ ಕೇಳಬೇಕು. ಮುದ್ರಾಂಕ ಶುಲ್ಕ, ಸೆಸ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಮನೆಯ ಬೆಲೆಯ ಮೇಲೆ ಶೇ 7ಕ್ಕೂ ಹೆಚ್ಚು ಹೋಗುವ ಊರಿನಲ್ಲಿ ಆ ಫೀಸು ಹೆಚ್ಚಲ್ಲ. ಓ.ಸಿ. ಬಂದ ಮೇಲೆ ಬಿಲ್ಡರ್‌ನಿಂದ ಕೊಂಡರೆ ಜಿ.ಎಸ್.ಟಿ. ಇಲ್ಲ, ಅದಕ್ಕೆ ಮುಂಚೆ ಸಾಮಾನ್ಯವಾಗಿ ಶೇ 5. ಆ ಉಳಿತಾಯದ ಒಂದು ಚೂರು ಸಾಕು.

ಹಳೆಯ ಅಪಾರ್ಟ್‌ಮೆಂಟಿನಲ್ಲಿ ಮರುಮಾರಾಟದ ಮನೆ ನೋಡುವವರು ಓ.ಸಿ. ಬೇಕೇ ಬೇಕು ಎಂದು ಹಟ ಹಿಡಿದರೆ ಅನೇಕ ಬಡಾವಣೆಗಳಲ್ಲಿ ಮನೆಯೇ ಸಿಗಲಾರದು, ನಿಜ. ಆಗ ಮೂರು ಸಂಗತಿ ನೋಡಬೇಕು: ನಿಮ್ಮ ಮಹಡಿ ಮಂಜೂರಾದ ನಕ್ಷೆಯಲ್ಲಿದೆಯೇ, ಮನೆಗೆ ಸ್ವಂತ ಆರ್.ಆರ್. ನಂಬರಿನ ಕಾಯಂ ಮೀಟರ್ ಇದೆಯೇ, ಖಾತೆ ಯಾವುದು. ಉಲ್ಲಂಘನೆ ಸೆಟ್‌ಬ್ಯಾಕಿನಲ್ಲಷ್ಟೇ ಇದ್ದರೆ ಬೆಲೆ ಇಳಿಸಿ ಕೇಳಿ. ನಾಳೆ ನಿಮ್ಮಿಂದ ಕೊಳ್ಳುವವರೂ ಹಾಗೇ ಕೇಳುತ್ತಾರೆ. ಓ.ಸಿ. ಇಲ್ಲದೆಯೂ ಸಾಲ ಕೊಡುತ್ತೀರಾ ಎಂಬುದಕ್ಕೆ ಅಡ್ವಾನ್ಸ್ ಕೊಡುವ ಮುಂಚೆಯೇ ಬ್ಯಾಂಕಿನಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಮನೆಯಿರುವ ಮಹಡಿಯೇ ನಕ್ಷೆಯಲ್ಲಿ ಇಲ್ಲದಿದ್ದರೆ, ಕಾಗದ ಎಷ್ಟೇ ‘ಕ್ಲಿಯರ್’ ಇರಲಿ, ಎಷ್ಟೇ ಅಗ್ಗಕ್ಕೆ ಬರಲಿ, ಕೊಳ್ಳಬೇಡಿ.