ಗೋವಿಂದನಿಗೆ ಎಷ್ಟು ಅಂಕ?

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟು ಎಂದರೆ ಸಾಮಾನ್ಯವಾಗಿ ನಾಲ್ಕು ಜನರ ಬ್ಯಾಚು. ಒಬ್ಬ ಕೋಡ್ ಬರೆಯುತ್ತಾನೆ, ಒಬ್ಬಳು ರಿಪೋರ್ಟು ಸಿದ್ಧಮಾಡುತ್ತಾಳೆ, ಒಬ್ಬ ಜೆರಾಕ್ಸು, ಬೈಂಡಿಂಗು ಎಂದು ಓಡಾಡುತ್ತಾನೆ. ನಾಲ್ಕನೆಯವನು ಗುಂಪಿನಲ್ಲಿ ಗೋವಿಂದ. ವೈವಾ ದಿನ ನಾಲ್ವರೂ ಇಸ್ತ್ರಿ ಅಂಗಿ ತೊಟ್ಟು ಸಾಲಾಗಿ ನಿಂತರೆ ಯಾರ ಕೆಲಸ ಎಷ್ಟೆಂದು ಗೈಡಿಗೂ ಹೊಳೆಯುವುದಿಲ್ಲ. ಇದಕ್ಕೆ ಮದ್ದೆಂದು ಬಂದದ್ದು ಸಹಪಾಠಿ ಮೌಲ್ಯಮಾಪನ: ಯಾರೆಷ್ಟು ದುಡಿದರೆಂದು ಗುಂಪಿನವರೇ ಅಂಕ ಹಾಕಲಿ. ನಾನೂ ಕೆಲವು ವರ್ಷ ಹಾಕಿಸಿದ್ದೇನೆ. ಆಲೋಚನೆ ಒಳ್ಳೆಯದೇ. ಆದರೆ ಸೆಮಿಸ್ಟರಿನ ಕೊನೆಗೆ ಕೈಗಿಡುವ ಆ ಫಾರಂ ಅಳೆಯುವುದು ದುಡಿಮೆಯನ್ನಲ್ಲ, ದೋಸ್ತಿಯನ್ನು.

ಮೊದಲ ವರ್ಷ ಹತ್ತಕ್ಕೆ ಇಷ್ಟೆಂದು ಅಂಕ ಕೊಡಿ ಎಂದೆ. ಎಲ್ಲರೂ ಎಲ್ಲರಿಗೂ 10 ಕೊಟ್ಟರು. ಮುಂದಿನ ವರ್ಷ, ತಂಡಗಳ ಮೂಲಕ ಕಲಿಸುವ ಪದ್ಧತಿಯನ್ನು ರೂಪಿಸಿದ ಅಮೆರಿಕದ ಲ್ಯಾರಿ ಮೈಕಲ್ಸನ್ ಅವರ ಕಟ್ಟಳೆ ತಂದೆ: ತಲಾ ಸರಾಸರಿ 10ರಂತೆ ಉಳಿದವರಿಗೆ ಹಂಚಬೇಕು, ಎಲ್ಲರಿಗೂ ಒಂದೇ ಅಂಕ ಕೂಡದು, ಒಬ್ಬರಿಗಾದರೂ 11 ಅಥವಾ ಹೆಚ್ಚು, ಒಬ್ಬರಿಗಾದರೂ 9 ಅಥವಾ ಕಡಿಮೆ. ಹುಡುಗರು ನನಗಿಂತ ಜಾಣರು. ಒಂದು ಬ್ಯಾಚಿನವರು ಕ್ಯಾಂಟೀನಿನಲ್ಲಿ ಕೂತು ಸರದಿ ಕಟ್ಟಿಕೊಂಡರು. ಪ್ರತಿಯೊಬ್ಬನೂ ತನ್ನ ಮುಂದಿನವನಿಗೆ 11, ಅವನಾಚೆಯವನಿಗೆ 10, ಹಿಂದಿನವನಿಗೆ 9. ಕೂಡಿಸಿ ನೋಡಿದರೆ ನಾಲ್ವರಿಗೂ ತಲಾ 30! ಗಣಿತಕ್ಕೆ ಪೂರ್ತಿ ಅಂಕ ಕೊಡಬೇಕೆನಿಸಿತು.

ನಗುವ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಬ್ಯಾಚಿನಲ್ಲಿ ಮೂವರು ಹುಡುಗರು, ಒಂದೇ ಹಾಸ್ಟೆಲ್ಲಿನವರು. ನಾಲ್ಕನೆಯವಳು ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗಿ. ಮೂರು ಫಾರಂಗಳಲ್ಲೂ 9 ಬಿದ್ದದ್ದು ಅವಳಿಗೇ, ಜೊತೆಗೆ ಒಂದು ಷರಾ: ‘ಬರೀ ಟೈಪಿಂಗ್’. ಅನುಮಾನ ಬಂದು ರಿಪೋರ್ಟಿನ ಗೂಗಲ್ ಡಾಕ್ಸ್ ತೆರೆದು, ಯಾರು ಯಾವಾಗ ತಿದ್ದಿದ್ದಾರೆಂದು ನೋಡಿದೆ. ಹಿಂದಿನ ಸಂಶೋಧನೆಗಳ ಸಮೀಕ್ಷೆ ಪೂರ್ತಿ ಅವಳದು. ಸೆನ್ಸರ್ ಎಲ್ಲೆಲ್ಲಿ ತಪ್ಪು ತೋರಿಸಿತೆಂಬ ಪಟ್ಟಿಯೂ ಅವಳದೇ, ಬಹಳಷ್ಟು ಸಾಲುಗಳು ರಾತ್ರಿ ಹನ್ನೆರಡರ ಮೇಲೆ ಸೇರಿದವು. ಕಣ್ಣಿಗೆ ಕಾಣುವ ಕೆಲಸವೇ ಕೆಲಸ, ಅಚ್ಚುಕಟ್ಟು ಮಾಡುವುದು ಚಾಕರಿ ಎಂಬ ಮನೆಯ ಲೆಕ್ಕವೇ ಫಾರಂಗೂ ಇಳಿದಿತ್ತು. ಹಾಸ್ಟೆಲ್ಲಿನ ಬದಲು ಊರು, ಭಾಷೆ, ಜಾತಿ ಎಂದು ಓದಿಕೊಂಡರೂ ಕಥೆ ಬದಲಾಗದು.

ಅಂಥ ಫಾರಂ ಲೆಕ್ಕಕ್ಕೆ ಸಿಕ್ಕರೆ ಪೆಟ್ಟು ಇನ್ನೂ ದೊಡ್ಡದು. 1990ರಲ್ಲಿ ಗೋಲ್ಡ್‌ಫಿಂಚ್ ಮತ್ತು ರೇಸೈಡ್ ಎಂಬಿಬ್ಬರು ಪ್ರಕಟಿಸಿದ ವಿಧಾನದಿಂದ ಬೆಳೆದುಬಂದ ಪದ್ಧತಿಗಳಲ್ಲಿ, ಗೆಳೆಯರು ಕೊಟ್ಟ ಅಂಕವನ್ನು ಗುಣಕವಾಗಿಸಿ ಗುಂಪಿನ ಅಂಕಕ್ಕೆ ಹಚ್ಚುತ್ತಾರೆ. ಗುಂಪಿಗೆ 50ಕ್ಕೆ 40 ಬಂದಿದ್ದರೆ, 1.2ರ ಗುಣಕದವನಿಗೆ 48, 0.8ರವಳಿಗೆ 32. ದಶಮಾಂಶ ಬಂದೊಡನೆ ಮುನಿಸಿಗೂ ವಿಜ್ಞಾನದ ಮುಖ ಬರುತ್ತದೆ.

ಹಾಗಾದರೆ ಗೋವಿಂದನನ್ನು ಬಿಟ್ಟುಬಿಡುವುದೇ? ಇಲ್ಲ. ಫ್ರಾನ್ಸಿನ ಕೃಷಿ ಇಂಜಿನಿಯರ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗದಲ್ಲಿ, ಎಂಟು ಜನ ಕೂಡಿ ಎಳೆದಾಗ ತಲಾ ಬಲ ಒಂಟಿಯಾಗಿ ಎಳೆದದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು. ಹೊಂದಾಣಿಕೆಯ ಕೊರತೆಯೂ ಅದರಲ್ಲಿ ಸೇರಿತ್ತೆನ್ನಿ. ನನಗೆ ಮುಖ್ಯವಾದದ್ದು ವಿಲಿಯಮ್ಸ್, ಹಾರ್ಕಿನ್ಸ್, ಲಟಾನೆ 1981ರಲ್ಲಿ ಪ್ರಕಟಿಸಿದ ಪ್ರಯೋಗ. ಗುಂಪಾಗಿ ಕೂಗುವಾಗಲೂ ಪ್ರತಿಯೊಬ್ಬರ ದನಿ ಬೇರೆಯಾಗಿ ಗುರುತು ಸಿಗುತ್ತದೆಂದು ಗೊತ್ತಿದ್ದರೆ ಮೈಗಳ್ಳತನ ಇಳಿಯುತ್ತದೆ. ದಂಡ ಬೇಕಿಲ್ಲ, ಕಂಡರೆ ಸಾಕು.

ಕಾಣಿಸುವ ಕೆಲಸವನ್ನು ನಮ್ಮ ಫಾರಂ ಮಾಡುವುದೇ ಇಲ್ಲ, ಏಕೆಂದರೆ ಅದು ಬರುವುದು ಎಲ್ಲ ಮುಗಿದ ಮೇಲೆ. ನಡುವೆಯೇ ಕೊಟ್ಟು, ಅಂಕದ ಬದಲು ‘ಈ ಎರಡು ವಾರದಲ್ಲಿ ಇವನು ಮಾಡಿದ್ದೇನು, ನಿನಗೆ ಅವನಿಂದ ಬೇಕಾದದ್ದೇನು’ ಎಂದು ಕೇಳಿದರೆ ಹುಡುಗರು ನಿಜ ಬರೆಯುತ್ತಾರೆ. ತಿದ್ದಿಕೊಳ್ಳಲು ಗೋವಿಂದನಿಗೂ ಸಮಯ ಉಳಿದಿರುತ್ತದೆ. ಅಂಕ ಹಾಕುವ ಹೊಣೆ ಮೇಷ್ಟರದು. ಅದಕ್ಕೆ ಸಂಬಳ ಎಣಿಸುವವರು ನಾವು, ಹುಡುಗರ ಹೆಗಲಿಗೆ ದಾಟಿಸುವುದು ಸರಿಯಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಮಕ್ಕಳ ಪ್ರಗತಿಪತ್ರದಲ್ಲೂ ಸಹಪಾಠಿ ಮೌಲ್ಯಮಾಪನ ಇರಲಿ ಎಂದಿದೆ. ಅದನ್ನು ತುಂಬಿಸಲಿರುವ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ಕೋರಿಕೆ: ಮಕ್ಕಳ ಕೈಗೆ ಹಾಳೆ ಕೊಡುವ ಮುನ್ನ ಅಂಕದ ಕಾಲಮ್ಮಿಗೆ ಅಡ್ಡಗೆರೆ ಎಳೆಯಿರಿ.